ಗೋಡೆ ತುಂಬಾ ಲೈಸೆನ್ಸ್, ಹಿಂದಿನ ಬಾಗಿಲಿಗೆ ಬೀಗ. ಕೇಳಬೇಕಾದ್ದು ಯಾರನ್ನ?

ನಿದ್ದೆಗೆಟ್ಟವ

ಕಳೆದ ಶನಿವಾರ ಆಫೀಸಿನ ಗೆಳೆಯನ ಸೆಂಡಾಫ್. ಹದಿನಾಲ್ಕು ಜನ ಬೆಂಗಳೂರಿನ ಒಂದು ಪಬ್‌ಗೆ ಹೋಗಿದ್ದೆವು. ಯಾವ ಪಬ್ ಅಂತ ಹೇಳುವುದಿಲ್ಲ, ಕೇಳಲೂಬೇಡಿ. ನಾಲ್ಕನೇ ಮಹಡಿ. ಹತ್ತಲು ಆರು ಜನ ಹಿಡಿಸುವ ಒಂದೇ ಲಿಫ್ಟ್. ಹತ್ತೂವರೆ ಹೊತ್ತಿಗೆ ಒಳಗೆ ಕಾಲಿಡಲು ಜಾಗ ಇರಲಿಲ್ಲ.

ಹನ್ನೊಂದರ ಸುಮಾರಿಗೆ ಅಡುಗೆಮನೆ ಕಡೆಯಿಂದ ಹೊಗೆ ಬಂತು. ತಂದೂರಿ ಮೇಲಿನ ಚಿಮಣಿ ಕೆಟ್ಟಿತ್ತಂತೆ. ಹತ್ತು ನಿಮಿಷದಲ್ಲಿ ಸರಿ ಮಾಡಿದರು, ಹಾಡೂ ಮತ್ತೆ ಶುರುವಾಯಿತು. ಆ ಹತ್ತು ನಿಮಿಷ ನಾನು ಮೆಟ್ಟಿಲು ಹುಡುಕುತ್ತಿದ್ದೆ. ಟಾಯ್ಲೆಟ್ ಪಕ್ಕದ ಸಂದಿಯಲ್ಲಿ ಹಸಿರು ಬೋರ್ಡ್ ಸಿಕ್ಕಿತು, ಓಡುವ ಮನುಷ್ಯನ ಚಿತ್ರದ್ದು. ಅದರ ಕೆಳಗೆ ಎದೆಮಟ್ಟ ಖಾಲಿ ಬಿಯರ್ ಕ್ರೇಟ್. ಕ್ರೇಟ್ ಹಿಂದೆ ಬಾಗಿಲು. ಬಾಗಿಲಿಗೆ ಸರಪಳಿ, ಸರಪಳಿಗೆ ಬೀಗ. ಅಲ್ಲಿದ್ದ ಹುಡುಗನನ್ನು ಕೇಳಿದೆ. "ಬಿಲ್ ಕೊಡದೆ ಇಳಿದು ಹೋಗ್ತಾರೆ ಸಾರ್, ಅದಕ್ಕೆ" ಅಂದ.

ಬಿಲ್ ಕೊಡುವಾಗ ಕ್ಯಾಷ್ ಕೌಂಟರ್ ಹಿಂದಿನ ಗೋಡೆ ನೋಡಿದೆ. ಫ್ರೇಮ್ ಹಾಕಿಸಿದ ಏಳು ಲೈಸೆನ್ಸ್. ದೇವರ ಫೋಟೊ ಎರಡೇ. ಇಷ್ಟು ಇಲಾಖೆ ಸಹಿ ಹಾಕಿದೆ, ಒಬ್ಬರಾದರೂ ಆ ಬಾಗಿಲು ತಳ್ಳಿ ನೋಡಿಲ್ವಾ? ಅದು ಯಾರ ಕೆಲಸ? ಗೊತ್ತಿದ್ದವರು ಹೇಳಿ.

ನಾಲ್ಕನೇ ಬ್ಲಾಕ್ ವಕೀಲೆ

ಆ ಏಳು ಫ್ರೇಮ್‌ನಲ್ಲಿ ಏನಿತ್ತು ಅಂತ ನೋಡದೆಯೇ ಹೇಳಬಹುದು. ದೊಡ್ಡದು ಅಬಕಾರಿ ಇಲಾಖೆಯದು, 1965ರ ಕರ್ನಾಟಕ ಅಬಕಾರಿ ಕಾಯ್ದೆ ಪ್ರಕಾರ. ಸಿಎಲ್-2 ಅಂದರೆ ಬಾಟಲಿ ಮಾರುವ ಅಂಗಡಿ, ಅಲ್ಲಿ ಕುಡಿಯುವಂತಿಲ್ಲ. ಸಿಎಲ್-9 ಅಂದರೆ ನಮ್ಮ ಮಾಮೂಲಿ ಬಾರ್ ಅಂಡ್ ರೆಸ್ಟೋರೆಂಟ್. ಸಿಎಲ್-4 ಕ್ಲಬ್‌ಗೆ. ಸಿಎಲ್-7 ರೂಮು ಇರುವ ಲಾಡ್ಜ್‌ಗೆ. ಹೊಸ ಸಿಎಲ್-2, ಸಿಎಲ್-9 ಕೊಡುವುದನ್ನು ಸರ್ಕಾರ 90ರ ದಶಕದಲ್ಲೇ ನಿಲ್ಲಿಸಿತು. ಅಲ್ಲಿಂದಾಚೆಗೆ ಹಳೇ ಲೈಸೆನ್ಸ್ ಕೈ ಬದಲಾಗುತ್ತಾ ಕೋಟಿಗಟ್ಟಲೆ ಬೆಲೆ ಬಂತು. ಎಷ್ಟೋ ಪಬ್‌ಗಳು ಸಿಎಲ್-7ರಲ್ಲಿ ನಡೆಯುವುದು ಅದಕ್ಕೇ. "ರೂಮು ಖಾಲಿ ಇದೆಯಾ" ಅಂತ ಒಂದ್ಸಲ ಕೇಳಿ ನೋಡಿ, ಮುಖ ನೋಡುವ ಹಾಗಿರುತ್ತದೆ.

ಉಳಿದದ್ದು ಪಾಲಿಕೆಯ ಟ್ರೇಡ್ ಲೈಸೆನ್ಸ್, ಊಟಕ್ಕೆ ಎಫ್‌ಎಸ್‌ಎಸ್‌ಎಐ, ಮಾಲಿನ್ಯ ನಿಯಂತ್ರಣ ಮಂಡಳಿಯ ಒಪ್ಪಿಗೆ, ಕಾರ್ಮಿಕ ಇಲಾಖೆಯ ನೋಂದಣಿ, ಅಗ್ನಿಶಾಮಕದ ಎನ್‌ಒಸಿ, ಡಿಸ್ಕೊ ಅಥವಾ ಲೈವ್ ಬ್ಯಾಂಡ್ ಇದ್ದರೆ ಪೊಲೀಸರದ್ದು.

ಯಾರೂ ನೋಡುವುದಿಲ್ಲ ಅಂತಲ್ಲ. ಎಲ್ಲರೂ ತಮ್ಮ ಪಾಲಿನದು ಮಾತ್ರ ನೋಡುತ್ತಾರೆ. ಆರೋಗ್ಯ ಇನ್‌ಸ್ಪೆಕ್ಟರ್ ಅಡುಗೆಮನೆ, ಅಬಕಾರಿಯವರು ಬಾಟಲಿ, ಪೊಲೀಸರು ಗಡಿಯಾರ.

ಗಲ್ಲಾಪೆಟ್ಟಿಗೆ

ವಕೀಲ ಮೇಡಂ ಹೇಳಿದ್ದು ನೂರಕ್ಕೆ ನೂರು. ನಾನು ಕುಂದಾಪುರದವನು. ಬೆಂಗಳೂರಿನ ಬಾರ್‌ಗಳಲ್ಲಿ 22 ವರ್ಷ ಆಯ್ತು, ಟೇಬಲ್ ಒರೆಸುವುದರಿಂದ ಶುರು ಮಾಡಿ ಈಗ ಕ್ಯಾಷಿಯರ್. ಹಳೇ ಸಿಎಲ್-9.

ಅಬಕಾರಿಯವರು ಬಂದರೆ ಮೊದಲು ಕೇಳುವುದು ಸ್ಟಾಕ್ ಬುಕ್. ನಾವು ಮಾಲು ತರಬೇಕಾದ್ದು ಸರ್ಕಾರದ ಪಾನೀಯ ನಿಗಮದ ಡಿಪೊದಿಂದ ಮಾತ್ರ. ಇನ್‌ವಾಯ್ಸ್‌ಗೂ ಶೆಲ್ಫಿಗೂ ತಾಳೆ ಆಗಬೇಕು. ಬಾಟಲಿ ಮುಚ್ಚಳದ ಮೇಲಿನ ಅಬಕಾರಿ ಚೀಟಿಯನ್ನು ಉಗುರಿನಿಂದ ಕೆರೆದು ನೋಡುತ್ತಾರೆ, ಸೆಕೆಂಡ್ಸ್, ಅಂದರೆ ಕಳ್ಳ ಮಾಲು ಇದೆಯಾ ಅಂತ. ಆಮೇಲೆ ನೀಲಿನಕ್ಷೆ. ಲೈಸೆನ್ಸ್ ಜೊತೆ ಜಾಗದ ನಕ್ಷೆ, ಚೆಕ್ಕುಬಂದಿ ಎಲ್ಲ ಇರುತ್ತದೆ. ಅದರಲ್ಲಿ ತೋರಿಸಿದ ಜಾಗದಲ್ಲೇ ಕೊಡಬೇಕು. ಟೆರೇಸ್ ಮೇಲೆ ನಾಲ್ಕು ಟೇಬಲ್ ಹಾಕಿದ್ದು ಸಿಕ್ಕಿದರೆ ಕೇಸು. ಜೂನ್ ಕೊನೆಯಲ್ಲಿ ನಮಗೆ ಕೈಕಾಲು ಆಡುವುದಿಲ್ಲ, ಅಬಕಾರಿ ವರ್ಷ ಜುಲೈ 1ಕ್ಕೆ ಶುರು, ರಿನ್ಯೂವಲ್.

22 ವರ್ಷದಲ್ಲಿ "ಹಿಂದಿನ ಬಾಗಿಲು ತೆಗೀರಿ" ಅಂದ ಅಧಿಕಾರಿ ಒಬ್ಬರನ್ನೂ ನಾನು ಕಂಡಿಲ್ಲ.

ಸಿಎಂಎಚ್ ರಸ್ತೆ ಅಜ್ಜ

ಬಾಗಿಲು ಬಿಡಿ ಸ್ವಾಮಿ, ಕಿಟಕಿ ವಿಷಯ ಮಾತಾಡಿ. ಇಂದಿರಾನಗರದಲ್ಲಿ ಮನೆ ಕಟ್ಟಿದಾಗ ನಮ್ಮ ಬೀದಿಯಲ್ಲಿ ರಾತ್ರಿ ಕೇಳುತ್ತಿದ್ದದ್ದು ಗೂರ್ಖಾನ ಸೀಟಿ ಮಾತ್ರ. ಈಗ ಹಾಸಿಗೆ ಪಕ್ಕದ ನೀರಿನ ಲೋಟ ನಡುಗುತ್ತದೆ. ತಮಾಷೆ ಅಲ್ಲ, ಬೇಸ್ ಬಂದಾಗ ನೀರಿನ ಮೇಲೆ ಉಂಗುರ ಏಳುತ್ತದೆ. 2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮ ನನಗೆ ಬಾಯಿಪಾಠ. ವಸತಿ ಪ್ರದೇಶದಲ್ಲಿ ಹಗಲು 55 ಡೆಸಿಬಲ್, ರಾತ್ರಿ 45. ರಾತ್ರಿ ಅಂದರೆ 10ರಿಂದ ಬೆಳಗ್ಗೆ 6. ನಮ್ಮ ಬಡಾವಣೆಯವರು ಹೈಕೋರ್ಟ್‌ವರೆಗೂ ಹೋಗಿ ಬಂದಿದ್ದಾರೆ. ಆರ್ಡರ್ ಬಂದಾಗ ಒಂದಷ್ಟು ದಿನ ನೆಮ್ಮದಿ, ಆಮೇಲೆ ಅದೇ ರಾಗ ಅದೇ ಹಾಡು.

112ಕ್ಕೆ ಫೋನ್ ಮಾಡಿದರೆ ಪೊಲೀಸರ ಹೊಯ್ಸಳ ಗಾಡಿ ಬರುತ್ತದೆ, ಅದನ್ನು ಒಪ್ಪುತ್ತೇನೆ. ಅದು ಬೀದಿ ತಿರುವಿಗೆ ಬಂದಾಗ ಸದ್ದು ಇಳಿಯುತ್ತದೆ, ಹೋದ ಮೇಲೆ ಏರುತ್ತದೆ. ವಾಲ್ಯೂಮ್ ತಿರುಗಿಸುವವನು ಬಾಗಿಲಲ್ಲೇ ನಿಂತಿರುತ್ತಾನೋ ಏನೋ.

ಗಿಟಾರ್ ತಂತಿ

ಅಂಕಲ್, ನಿಮ್ಮ ಲೋಟದ ಬಗ್ಗೆ ಬೇಜಾರಿದೆ. ಆದರೆ ನಮ್ಮ ಹೊಟ್ಟೆಪಾಡು ಕೂಡ ಕೇಳಿ. ಮೇಡಂ ಹೇಳಿದ ಪೊಲೀಸ್ ಲೈಸೆನ್ಸ್ ಬಂದದ್ದು 2005ರ ಆದೇಶದಿಂದ, ಕರ್ನಾಟಕ ಪೊಲೀಸ್ ಕಾಯ್ದೆಯಡಿ. ಲೈವ್ ಬ್ಯಾಂಡ್, ಕ್ಯಾಬರೆ, ಡಿಸ್ಕೊ ಎಲ್ಲ ಒಂದೇ ಚೀಲದಲ್ಲಿ. ಸುಪ್ರೀಂ ಕೋರ್ಟ್ 2018ರ ಜನವರಿಯಲ್ಲಿ ಅದನ್ನು ಎತ್ತಿಹಿಡಿಯಿತು. ಆ ವರ್ಷ ಊರಿನ ಎಷ್ಟೋ ಕಡೆ ಹಾಡು ನಿಂತೇ ಹೋಯಿತು. ಲೈಸೆನ್ಸ್‌ಗೆ ಕಟ್ಟಡದ ಸ್ವಾಧೀನಪತ್ರ, ಅಂದರೆ ಓಸಿ ಬೇಕು, ಬೆಂಗಳೂರಿನಲ್ಲಿ ಓಸಿ ಇರುವ ಕಟ್ಟಡ ದುರ್ಬೀನು ಹಾಕಿ ಹುಡುಕಬೇಕು. ನಾನು ಒಬ್ಬನೇ ಸ್ಟೂಲ್ ಮೇಲೆ ಕೂತು ಗಿಟಾರ್ ನುಡಿಸುವವನು. ಮೂರು ತಿಂಗಳು ಒಂದೇ ಒಂದು ಕಾರ್ಯಕ್ರಮ ಇರಲಿಲ್ಲ.

ಅದೇ ಕಟ್ಟಡದಲ್ಲಿ, ಅದೇ ಮೆಟ್ಟಿಲಿನಲ್ಲಿ, ಅದೇ ಜನ ಕುಡಿಯುವುದು ನಡೆದೇ ಇತ್ತು. ಬೆಂಕಿ ಬಿದ್ದರೆ ಗಿಟಾರ್‌ನಿಂದಲೇ ಬೀಳುತ್ತಾ?

ಸಿಎಂಎಚ್ ರಸ್ತೆ ಅಜ್ಜ

ನಿಮ್ಮ ಗಿಟಾರ್‌ಗೆ ನನ್ನ ತಕರಾರಿಲ್ಲಪ್ಪ. ತಕರಾರು ಆ ಸ್ಪೀಕರ್ ಡಬ್ಬಗಳದ್ದು.

ಮಾಡರೇಟರ್

ಪಬ್ ಹೆಸರು ಊಹಿಸಿ ಹಾಕಿದ್ದ ಮೂರು ಕಾಮೆಂಟ್ ತೆಗೆದಿದ್ದೇನೆ. ಮೂವರೂ ಬೇರೆ ಬೇರೆ ಹೆಸರು ಹಾಕಿದ್ದಿರಿ, ಅದೇ ಭಯ ಹುಟ್ಟಿಸುವ ವಿಷಯ.

ವೀಕೆಂಡ್ ಮಗಾ

ಇದೆಲ್ಲ ಓದಿದ ಯಾರೋ ಅಧಿಕಾರಿ ನಾಳೆ ಎಲ್ಲ 11ಕ್ಕೆ ಬಂದ್ ಮಾಡಿಸುತ್ತಾರೆ ನೋಡಿ. ಹಿಂದೆ ಹಾಗೇ ಇತ್ತು. ಹನ್ನೊಂದೂವರೆಗೆ ಲೈಟ್ ಹಾಕಿ ಕುರ್ಚಿ ಮಗುಚಿ ಹಾಕುತ್ತಿದ್ದರು. 2014ರಲ್ಲಿ ವಾರಾಂತ್ಯಕ್ಕೆ ಮಾತ್ರ 1 ಗಂಟೆ ಅಂದರು, ಆಮೇಲೆ ದಿನಾ ಆಯ್ತು. 2024ರ ಆಗಸ್ಟ್‌ನಲ್ಲಿ ಹೋಟೆಲು, ಅಂಗಡಿಗೂ ಸೇರಿಸಿ ಮತ್ತೆ ಆದೇಶ ಬಂತು. ಇಷ್ಟು ದಿನಕ್ಕೆ ಊರು ಸ್ವಲ್ಪ ದೊಡ್ಡದಾಗಿದೆ, ಕೆಡಿಸಬೇಡಿ ಗುರು.

ರಾತ್ರಿ ಪಾಳಿ ಸುಮ

ಒಂದು ಗಂಟೆಯವರೆಗೆ ಇರಲಿ, ನನಗೂ ಬೇಕು. ಆದರೆ 1 ಗಂಟೆಗೆ ರಸ್ತೆಯಲ್ಲಿ ಏನಾಗುತ್ತದೆ ಅಂತ ನಾನು ಹೇಳುತ್ತೇನೆ. ಊರಿನ ಎಲ್ಲ ಪಬ್ಬೂ ಒಂದೇ ಹೊತ್ತಿಗೆ ಖಾಲಿಯಾಗುತ್ತದೆ. ಚರ್ಚ್ ಸ್ಟ್ರೀಟ್‌ನಿಂದ ಬ್ರಿಗೇಡ್ ರಸ್ತೆವರೆಗೆ ಎಲ್ಲರ ಕೈಯಲ್ಲೂ ಫೋನ್, ಎಲ್ಲರಿಗೂ ಕ್ಯಾಬ್ ಬೇಕು. ಮೆಟ್ರೊ ಅಷ್ಟು ಹೊತ್ತಿಗೆ ಮಲಗಿರುತ್ತದೆ. ನನಗೆ ಹೋದ ತಿಂಗಳು ನಾಲ್ಕು ಕ್ಯಾಬ್ ಕ್ಯಾನ್ಸಲ್ ಆಯ್ತು. ಐದನೆಯದು ಬರುವವರೆಗೆ ನಲವತ್ತು ನಿಮಿಷ ಎಟಿಎಂ ಲೈಟಿನ ಕೆಳಗೆ ನಿಂತಿದ್ದೆ. ಬೌನ್ಸರ್ "ಒಳಗೆ ನಿಲ್ಲೋ ಹಾಗಿಲ್ಲ ಮೇಡಂ, ಟೈಮ್ ಆಯ್ತು" ಅಂದ. ತಪ್ಪು ಅವನದ್ದಲ್ಲ, ನಾನು ಒಳಗಿದ್ದರೆ ಅವನ ಮೇಲೆ ಕೇಸು.

ಹೊಸ ವರ್ಷದ ರಾತ್ರಿ ಮಾತ್ರ ಎಲ್ಲರಿಗೂ ನಮ್ಮ ನೆನಪಾಗುತ್ತದೆ. 2016ರ ಡಿಸೆಂಬರ್ 31ರಂದು ಎಂ.ಜಿ. ರಸ್ತೆಯ ಜನಜಂಗುಳಿಯಲ್ಲಿ ಹೆಣ್ಣುಮಕ್ಕಳ ಮೇಲೆ ಆದ ದೌರ್ಜನ್ಯ ದೇಶಕ್ಕೆಲ್ಲ ಗೊತ್ತಾಯಿತು. ಆಮೇಲಿನ ವರ್ಷಗಳಲ್ಲಿ ವಾಚ್‌ಟವರ್ ಬಂತು, ಹೆಣ್ಣುಮಕ್ಕಳಿಗೆ ಸೇಫ್ಟಿ ಐಲ್ಯಾಂಡ್ ಬಂತು, ಮೆಟ್ರೊ ರಾತ್ರಿ 2ರವರೆಗೂ ಓಡಿತು. ಆ ಒಂದು ರಾತ್ರಿ ಆಗುವ ಕೆಲಸ ಉಳಿದ ಶನಿವಾರಗಳಲ್ಲಿ ಅರ್ಧವಾದರೂ ಆಗಬಾರದಾ?

ಕುಡ್ಲದ ಪೊಣ್ಣು

ಸುಮ ಅಕ್ಕ, ನಮ್ಮ ಮಂಗಳೂರಲ್ಲಿ ಪಬ್ ಸೇಫ್ಟಿ ಅಂದರೆ ಮೊದಲು ನೆನಪಾಗುವುದು 2009ರ ಜನವರಿ 24. ಹಾಡಹಗಲೇ ಒಳಗೆ ನುಗ್ಗಿ ಹುಡುಗಿಯರನ್ನು ಹೊಡೆದು ಓಡಿಸಿದರು, ಟಿವಿಯಲ್ಲಿ ಎಲ್ಲರೂ ನೋಡಿದರು. 2018ರಲ್ಲಿ ಆರೋಪಿಗಳು ಖುಲಾಸೆಯಾದರು. ನಾನು ಆಗ ಸ್ಕೂಲಿನಲ್ಲಿದ್ದೆ. ಈಗಲೂ ಎಲ್ಲೇ ಹೋದರೂ ಬಾಗಿಲು ಕಾಣುವ ಹಾಗೆ ಕೂರುತ್ತೇನೆ. ಅಭ್ಯಾಸ.

ಲೀಡ್ಸ್‌ನಲ್ಲಿ ಮಳೆ

ನಾನು ಇಲ್ಲಿ ಇಂಗ್ಲೆಂಡಿನಲ್ಲಿ ಎಂಎಸ್ ಮಾಡುವಾಗ ವಾರಕ್ಕೆ 20 ಗಂಟೆ ಒಂದು ಬಾರ್‌ನಲ್ಲಿ ಕೆಲಸ ಮಾಡಿದೆ. ಅಮ್ಮನಿಗೆ ಲೈಬ್ರರಿ ಅಂತ ಹೇಳಿದ್ದೆ, ಈ ಥ್ರೆಡ್ ಅವಳು ಓದಲ್ಲ ಅಂದುಕೊಂಡಿದ್ದೇನೆ.

ಇಲ್ಲಿ 2003ರ ಲೈಸೆನ್ಸಿಂಗ್ ಕಾಯ್ದೆ. ಲೈಸೆನ್ಸ್ ಕೊಡುವುದು ಊರಿನ ಕೌನ್ಸಿಲ್, ಅಂದರೆ ನಮ್ಮ ಪಾಲಿಕೆ ಇದ್ದ ಹಾಗೆ. ಕಾಯ್ದೆಯಲ್ಲಿ ನಾಲ್ಕೇ ಗುರಿ: ಅಪರಾಧ, ಗಲಾಟೆ ಆಗಬಾರದು, ಜನರ ಜೀವಕ್ಕೆ ಅಪಾಯ ಇರಬಾರದು, ಸುತ್ತಲಿನವರಿಗೆ ತೊಂದರೆ ಆಗಬಾರದು, ಮಕ್ಕಳಿಗೆ ಕೇಡಾಗಬಾರದು. ಒಂದು ಅರ್ಜಿ ಬಂದರೆ ಪೊಲೀಸ್, ಫೈರ್, ಪರಿಸರ ಆರೋಗ್ಯದವರು ಎಲ್ಲರೂ ಆ ಒಂದೇ ಅರ್ಜಿ ಮೇಲೆ ತಕರಾರು ಹಾಕಬಹುದು. ಪಕ್ಕದ ಮನೆಯವರೂ ಹಾಕಬಹುದು. ಲೈಸೆನ್ಸ್ ಕೊಟ್ಟ ಮೇಲೂ ತೊಂದರೆ ಆದರೆ ಅಜ್ಜನಂಥವರು ಮರುಪರಿಶೀಲನೆ ಕೇಳಬಹುದು. ಕೌನ್ಸಿಲ್ ಸಮಿತಿ ಎದುರಿಗೆ ಕೂರಿಸಿಕೊಂಡು ಕೇಳುತ್ತದೆ. ಸಮಯ ಕಡಿತ ಮಾಡಬಹುದು, ಲೈಸೆನ್ಸನ್ನೇ ಕಿತ್ತುಕೊಳ್ಳಬಹುದು.

ನನಗೆ ನೆನಪಿರುವುದು ಬಾಗಿಲಿನವನ ಕೈಯಲ್ಲಿದ್ದ ಎಣಿಕೆ ಯಂತ್ರ. ಬಸ್ಸಿನ ಕಂಡಕ್ಟರ್ ಟಿಕೆಟ್ ಪಂಚ್ ಹಾಗೆ ಚಿಕ್ಕದು. ಒಬ್ಬ ಒಳಗೆ ಬಂದರೆ ಟಿಕ್. ಹೊರಗೆ ಹೋದರೆ ಇನ್ನೊಂದು ಕೈಯದು ಟಿಕ್. ನಮ್ಮ ಮಿತಿ 180. ಒಂದು ಶುಕ್ರವಾರ 180 ಆದಾಗ ಮ್ಯಾನೇಜರ್‌ನ ತಮ್ಮನೇ ಬಂದ, ಮಳೆಯಲ್ಲಿ ನಿಲ್ಲಿಸಿದರು. ಒಬ್ಬ ಹೊರಗೆ ಬರುವವರೆಗೂ ಬಿಡಲಿಲ್ಲ. ಬಾಗಿಲಿನವನ ತೋಳಿಗೆ ಸರ್ಕಾರದ ಲೈಸೆನ್ಸ್ ಬ್ಯಾಡ್ಜ್ ಇರುತ್ತದೆ, ಎಲ್ಲರಿಗೂ ಕಾಣುವ ಹಾಗೆ. ಕುಡಿಯುವ ವಯಸ್ಸು 18, ಆದರೆ 25ಕ್ಕಿಂತ ಚಿಕ್ಕವರ ಥರ ಕಂಡರೆ ಗುರುತಿನ ಚೀಟಿ ಕೇಳುತ್ತಾರೆ.

ಇಲ್ಲಿ ಎಲ್ಲ ಚಿನ್ನ ಅಂತ ಹೇಳುತ್ತಿಲ್ಲ. ಶುಕ್ರವಾರ ರಾತ್ರಿ ಇಲ್ಲಿನ ಬೀದಿ ನೋಡಿದರೆ ಬೆಂಗಳೂರೇ ವಾಸಿ.

ನಿದ್ದೆಗೆಟ್ಟವ

ಆ ಟಿಕ್ ಟಿಕ್ ವಿಷಯ ತಲೆಯಲ್ಲಿ ಕೂತುಬಿಟ್ಟಿತು. ನಮ್ಮನ್ನು ಶನಿವಾರ ಯಾರೂ ಎಣಿಸಲಿಲ್ಲ. ಕೈಗೆ ಸೀಲ್ ಹೊಡೆದರು, ಅದು ಕವರ್ ಚಾರ್ಜಿಗೆ.

ನಾಲ್ಕನೇ ಬ್ಲಾಕ್ ವಕೀಲೆ

ವಯಸ್ಸಿನ ವಿಷಯ ಬಂತು ಅಂತ ಹೇಳುತ್ತೇನೆ. ನಮ್ಮಲ್ಲಿ ಕಾಯ್ದೆ 18ಕ್ಕಿಂತ ಕಡಿಮೆಯವರಿಗೆ ಮಾರಬೇಡಿ ಅನ್ನುತ್ತದೆ, ಅದರ ಕೆಳಗೆ ಮಾಡಿದ 1967ರ ನಿಯಮ 21 ಅನ್ನುತ್ತದೆ. 2023ರ ಜನವರಿಯಲ್ಲಿ ಎರಡನ್ನೂ 18 ಮಾಡಲು ಕರಡು ತಂದು, ಗಲಾಟೆ ಆದ ಮೇಲೆ ವಾಪಸ್ ತೆಗೆದುಕೊಂಡರು. ಅದೇ ನಿಯಮದಲ್ಲಿ ಶಾಲೆ, ದೇವಸ್ಥಾನ, ಆಸ್ಪತ್ರೆಯಿಂದ 100 ಮೀಟರ್ ದೂರ ಇರಬೇಕು ಅಂತಿದೆ. ಆ 100 ಮೀಟರ್ ಅಳೆಯುವುದು ಜನ ನಡೆದು ಹೋಗುವ ದಾರಿಯಲ್ಲಿ. ಹಾಗಾಗಿ ಗೇಟು ಆ ಕಡೆಯಿಂದ ಈ ಕಡೆಗೆ ಸರಿದ ಕಥೆಗಳು ನನ್ನ ಫೈಲಿನಲ್ಲೇ ಎರಡಿವೆ. 2016ರ ಡಿಸೆಂಬರ್‌ನ ಹೆದ್ದಾರಿ ತೀರ್ಪು ನೆನಪಿದೆಯಾ? 500 ಮೀಟರ್ ಒಳಗೆ ಮದ್ಯ ಮಾರುವಂತಿಲ್ಲ ಅಂತ ಸುಪ್ರೀಂ ಕೋರ್ಟ್ ಹೇಳಿದ್ದಕ್ಕೆ 2017ರಲ್ಲಿ ಎಂ.ಜಿ. ರಸ್ತೆ ಬಾರ್‌ಗಳೇ ಬಾಗಿಲು ಹಾಕಿದವು. ಅದು ಹೆದ್ದಾರಿ ಅಂತ ಎಷ್ಟೋ ಜನಕ್ಕೆ ಆಗಲೇ ಗೊತ್ತಾದದ್ದು.

ದೂರ ಅಳೆಯುವುದರಲ್ಲಿ ನಾವು ಪಂಡಿತರು. ಮೆಟ್ಟಿಲಿನ ಅಗಲ ಅಳೆಯುವುದರಲ್ಲಿ ಅಲ್ಲ.

ವೀಕೆಂಡ್ ಮಗಾ

ಆದರೂ ಬೆಂಕಿ ಅನ್ನೋದು ಯಾವಾಗಲೋ ಒಂದ್ಸಲ ಆಗುವ ವಿಷಯ ಅಲ್ವಾ? ಕುಡಿದು ಗಾಡಿ ಓಡಿಸಿ ಸಾಯುವವರೇ ಜಾಸ್ತಿ. ಅದಕ್ಕೆ 10,000 ದಂಡ ಇದೆ, ಊದಿಸುತ್ತಾರೆ, ಹಿಡಿಯುತ್ತಾರೆ. ಅದು ನಡೀತಿದೆ.

ಗಲ್ಲಾಪೆಟ್ಟಿಗೆ

ತಮ್ಮಾ, ಯಾವಾಗಲೋ ಒಂದ್ಸಲ ಅಂತ ನೀವು ಹೇಳಬಹುದು. ನಾನು ಹೇಳಲಾರೆ.

2018ರ ಜನವರಿ 8. ಕಲಾಸಿಪಾಳ್ಯದ ಬಾರ್ ಒಂದರಲ್ಲಿ ನಡುರಾತ್ರಿ ಕಳೆದ ಮೇಲೆ ಬೆಂಕಿ. ಗಿರಾಕಿ ಒಬ್ಬರೂ ಇರಲಿಲ್ಲ, ಬಾರ್ ಮುಚ್ಚಿಯಾಗಿತ್ತು. ಸತ್ತದ್ದು ಒಳಗೆ ಮಲಗಿದ್ದ ಐದು ಜನ ಕೆಲಸದವರು. ನೀವು ಹೋದ ಮೇಲೆ ಬಾರ್ ಒಳಗೆ ಏನಾಗುತ್ತದೆ ಅಂತ ನಿಮಗೆ ಗೊತ್ತಿಲ್ಲ. ಕುರ್ಚಿ ಮೇಜಿನ ಮೇಲೆ ಹಾಕಿ, ನೆಲ ಒರೆಸಿ, ಎರಡು ಮೇಜು ಸೇರಿಸಿ ಅದರ ಮೇಲೆ ಹಾಸಿಗೆ ಹಾಕುತ್ತೇವೆ. ನಮ್ಮಲ್ಲಿ ಏಳು ಹುಡುಗರು. ಇಬ್ಬರು ನಮ್ಮೂರಿನವರು, ಉಳಿದವರು ಒಡಿಶಾ, ಅಸ್ಸಾಂ. ರೂಮು ಮಾಡಿದರೆ ಸಂಬಳದ ಅರ್ಧ ಬಾಡಿಗೆಗೇ ಹೋಗುತ್ತದೆ. ಓನರ್ ಹೊರಗಿನಿಂದ ಷಟರ್ ಎಳೆದು ಬೀಗ ಹಾಕಿಕೊಂಡು ಹೋಗುತ್ತಾರೆ, ಕಳ್ಳತನ ಆಗಬಾರದು ಅಂತ. ಓನರ್ ಕೆಟ್ಟವರಲ್ಲ. ನನ್ನ ಮಗಳ ಫೀಸು ಕಟ್ಟಿದ್ದಾರೆ. ಎಲ್ಲ ಕಡೆ ಹೀಗೇ, ಹಾಗಾಗಿ ಯಾರಿಗೂ ಏನೂ ಅನ್ನಿಸುವುದಿಲ್ಲ.

2025ರ ಡಿಸೆಂಬರ್‌ನಲ್ಲಿ ಗೋವಾದ ಅರ್ಪೋರಾದಲ್ಲಿ ನೈಟ್‌ಕ್ಲಬ್ ಉರಿಯಿತಲ್ಲ, 25 ಜನ ಹೋದರು. ಅದರಲ್ಲೂ ಹೆಚ್ಚಿನವರು ಅಲ್ಲೇ ಕೆಲಸ ಮಾಡುತ್ತಿದ್ದವರು. ಆ ವಾರ ನಮ್ಮ ಹುಡುಗರು ಮೊಬೈಲ್‌ನಲ್ಲಿ ಅದನ್ನೇ ನೋಡುತ್ತಿದ್ದರು, ಅದೇ ಮೇಜಿನ ಮೇಲೆ ಮಲಗಿಕೊಂಡು.

ರಾತ್ರಿ ಪಾಳಿ ಸುಮ

ಅಣ್ಣಾ, ಇದು ಓದಿ ಸ್ವಲ್ಪ ಹೊತ್ತು ಏನೂ ಟೈಪ್ ಮಾಡಲು ಆಗಲಿಲ್ಲ.

ವೀಕೆಂಡ್ ಮಗಾ

ಸಾರಿ ಅಣ್ಣ. ಗೊತ್ತಿರಲಿಲ್ಲ.

ಹಳೇ ಏರ್‌ಪೋರ್ಟ್ ರಸ್ತೆ

ಬೀಗದ ಮಾತು ಬಂತು ಅಂತ. 2010ರ ಫೆಬ್ರುವರಿ 23, ಕಾರ್ಲ್‌ಟನ್ ಟವರ್ಸ್. ಪಬ್ ಅಲ್ಲ, ಆಫೀಸುಗಳಿದ್ದ ಕಟ್ಟಡ. ಒಂಬತ್ತು ಜನ ಸತ್ತರು. ನಾನು ಎದುರು ಫುಟ್‌ಪಾತ್‌ನಲ್ಲಿ ನಿಂತು ನೋಡಿದವನು. ಉರಿಗಿಂತ ಹೊಗೆ ಕೊಂದದ್ದು, ಹೊರಗೆ ಹೋಗುವ ಬಾಗಿಲಿಗೆ ಬೀಗ ಇತ್ತು ಅನ್ನುವುದೇ ಆಮೇಲೆ ಎಲ್ಲರ ಬಾಯಲ್ಲಿ. 2017ರ ಡಿಸೆಂಬರ್ 29ರಂದು ಮುಂಬೈ ಕಮಲಾ ಮಿಲ್ಸ್‌ನಲ್ಲಿ 14 ಜನ, ಅದೂ ಮೇಲ್ಛಾವಣಿಯ ಪಬ್. 2023ರ ಅಕ್ಟೋಬರ್‌ನಲ್ಲಿ ನಮ್ಮ ಕೋರಮಂಗಲದ ಕೆಫೆ ಹೊತ್ತಿ ಉರಿದಾಗ ಒಬ್ಬ ನಾಲ್ಕನೇ ಮಹಡಿಯಿಂದ ಹಾರಿದ ವಿಡಿಯೊ ಎಲ್ಲರೂ ನೋಡಿದ್ದೀರಿ. ಪಾಲಿಕೆಯವರು ರೂಫ್‌ಟಾಪ್‌ಗಳ ತಪಾಸಣೆಗೆ ಹೊರಟರು. ಕೆಲವು ತಿಂಗಳಾದ ಮೇಲೆ ಹುಕ್ಕಾ ನಿಷೇಧ ಬಂತು. ಹುಕ್ಕಾ ಹೋಯಿತು, ಮೆಟ್ಟಿಲು ಹಾಗೇ ಇದೆ.

ನಾಲ್ಕನೇ ಬ್ಲಾಕ್ ವಕೀಲೆ

ನಿದ್ದೆಗೆಟ್ಟವರೇ, ನಿಮ್ಮ ಮೂಲ ಪ್ರಶ್ನೆಗೆ ಬರುತ್ತೇನೆ. ಬೀಗ ಹಾಕಿದ್ದನ್ನು ಕಣ್ಣಾರೆ ನೋಡಿದ ಹೊತ್ತಿಗೇ 112ಕ್ಕೆ ಹೇಳಬಹುದಿತ್ತು, ಅದು ಪೊಲೀಸ್, ಫೈರ್ ಎರಡಕ್ಕೂ ಹೋಗುತ್ತದೆ. ಈಗ ಮಾಡಬೇಕಾದ್ದು ಬರಹದಲ್ಲಿ ದೂರು. ಅಗ್ನಿಶಾಮಕ ಇಲಾಖೆಗೆ ಒಂದು, ಅದರ ಪ್ರತಿ ಪಾಲಿಕೆಗೆ ಮತ್ತು ಆ ವ್ಯಾಪ್ತಿಯ ಅಬಕಾರಿ ಕಚೇರಿಗೆ. ಮೂವರಿಗೂ ಒಂದೇ ಕಾಗದ ಹೋಗಲಿ, ಒಬ್ಬರ ಹೆಸರು ಇನ್ನೊಬ್ಬರಿಗೆ ಕಾಣಬೇಕು. 2025ರ ಸೆಪ್ಟೆಂಬರ್‌ನಿಂದ ಒಂದು ಬಿಬಿಎಂಪಿ ಇಲ್ಲ, ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಕೆಳಗೆ ಐದು ಪಾಲಿಕೆ. ಯಾವ ಪಾಲಿಕೆ ಅಂತ ಮೊದಲು ನೋಡಿಕೊಳ್ಳಿ, ಇಲ್ಲದಿದ್ದರೆ "ನಮ್ಮ ವ್ಯಾಪ್ತಿಗೆ ಬರುವುದಿಲ್ಲ" ಅನ್ನುವ ಉತ್ತರ ಬರುತ್ತದೆ.

ಜೊತೆಗೆ ಆರ್‌ಟಿಐ ಹಾಕಿ. 10 ರೂಪಾಯಿ. ಗೋಡೆಯಲ್ಲಿ ನೇತು ಹಾಕಿದ್ದು ಲೈಸೆನ್ಸ್ ಮಾತ್ರ. ಅದರ ಹಿಂದಿನ ನಕ್ಷೆ, ಕೊನೆಯ ತಪಾಸಣೆ ವರದಿ ಕೇಳಿ. ಕರ್ನಾಟಕದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದ ಮೀರಬಾರದು. ನಿಮ್ಮ ಮೊದಲ ಪೋಸ್ಟ್ ಹಾಗೆ ಉದ್ದ ಬರೆದರೆ ವಾಪಸ್ ಬರುತ್ತದೆ.

ಸಿಎಂಎಚ್ ರಸ್ತೆ ಅಜ್ಜ

ಪ್ರತಿಯ ಮೇಲೆ ಸೀಲು, ತಾರೀಕು ಹಾಕಿಸಿಕೊಳ್ಳಿ. ನನ್ನ ಬಳಿ ಅಂಥ ಕಾಗದ ಒಂದು ಶೂ ಡಬ್ಬ ತುಂಬಾ ಇದೆ. "ಮಾಮೂಲಿ ಕೊಡ್ತಾರೆ, ಏನೂ ಆಗಲ್ಲ" ಅಂತ ನಮ್ಮ ಪಕ್ಕದ ಮನೆಯವರು ಯಾವಾಗಲೂ ಹೇಳುತ್ತಾರೆ. ಇರಬಹುದು. ಆದರೆ ಕೋರ್ಟಿನಲ್ಲಿ ಕೆಲಸಕ್ಕೆ ಬಂದದ್ದು ಆ ಡಬ್ಬವೇ.

ನಿದ್ದೆಗೆಟ್ಟವ

ಮೂರು ವಾರದ ನಂತರ ಬರೆಯುತ್ತಿದ್ದೇನೆ. ದೂರು ಕೊಟ್ಟೆ, ಸೀಲು ಹಾಕಿಸಿದೆ. ಒಂದು ಕಚೇರಿಯಲ್ಲಿ "ನೀವು ಕುಡಿದಿದ್ರಾ ಆಗ?" ಅಂತ ಕೇಳಿದರು. ಎರಡು ಬಿಯರ್ ಅಂದೆ. ನಕ್ಕು ಸೀಲು ಹೊಡೆದರು. ಆರ್‌ಟಿಐ 143 ಪದ, ಉತ್ತರಕ್ಕೆ ಇನ್ನೂ ಸಮಯ ಇದೆ.

ನಿನ್ನೆ ಅದೇ ಪಬ್‌ಗೆ ಹೋಗಿ ಒಂದು ಲೈಮ್ ಸೋಡಾ ಕುಡಿದು ಬಂದೆ. ಸರಪಳಿ ಇಲ್ಲ. ಬಾಗಿಲು ತಳ್ಳಿದೆ, ತೆರೆಯಿತು. ಎರಡನೇ ಮಹಡಿವರೆಗೆ ಇಳಿದೆ. ಅಲ್ಲಿ ಕೆಳಗಿನ ಅಂಗಡಿಯವರ ರಟ್ಟಿನ ಡಬ್ಬಗಳು, ಸೂರಿನವರೆಗೆ. ವಾಪಸ್ ಹತ್ತಿ ಬಂದೆ.

ರಾತ್ರಿ ಪಾಳಿ ಸುಮ

ಅದಕ್ಕೆ ಇನ್ನೊಂದು ಆರ್‌ಟಿಐ, ಇನ್ನೊಂದು 150 ಪದ. ಗಲ್ಲಾಪೆಟ್ಟಿಗೆ ಅಣ್ಣ, ನಿಮ್ಮಲ್ಲಿ ಏನಾದರೂ ಬದಲಾಯಿತಾ?

ಗಲ್ಲಾಪೆಟ್ಟಿಗೆ

ಓನರ್‌ಗೆ ಈ ಥ್ರೆಡ್ ಓದಿ ಹೇಳಿದೆ, ಬರೆದದ್ದು ನಾನು ಅಂತ ಹೇಳಲಿಲ್ಲ. ಎರಡು ದಿನ ಸುಮ್ಮನಿದ್ದರು. ಮೂರನೇ ದಿನ ಷಟರ್ ಬೀಗ ಬದಲಾಯಿಸಿದರು, ಈಗ ಒಳಗಿನಿಂದಲೂ ತೆಗೆಯಬಹುದು. ಒಂದು ಕೀ ನಮಗೇ ಕೊಟ್ಟಿದ್ದಾರೆ. ಫ್ರಿಜ್ ಪಕ್ಕ ಮೊಳೆ ಹೊಡೆದು ಕೆಂಪು ದಾರ ಕಟ್ಟಿ ನೇತು ಹಾಕಿದ್ದೇನೆ. ಹುಡುಗರಿಗೆ ಲೈಟ್ ಆರಿಸಿ ಎರಡು ಸಲ ತೆಗೆಸಿ ನೋಡಿದೆ.

ನಿದ್ದೆಗೆಟ್ಟವ

ಒಳ್ಳೇದಾಯ್ತು ಅಣ್ಣ. ಹಿಂದಿನ ಬಾಗಿಲು?

ಗಲ್ಲಾಪೆಟ್ಟಿಗೆ

ನಮ್ಮಲ್ಲಿ ಹಿಂದೆ ಬಾಗಿಲಿಲ್ಲ ಸಾರ್. ಗೋಡೆ.